ಮಸ್ಕಿ ಬಂಡೆ ಬಿಟ್ಟುಕೊಟ್ಟ ಗುಟ್ಟು

(ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಸಂಜೆಯ ಬಸ್ಸು. ಒಂದೇ ಸೀಟಿನಲ್ಲಿ ಇಬ್ಬರು: ನಿವೃತ್ತರಾದ ಹೈಸ್ಕೂಲ್ ಮಾಸ್ತರು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವರ ಅಕ್ಕನ ಮಗಳು.)

— ಖರೇ ಹೇಳ್ರಿ ಮಾಮಾ, ‘ಲೋಕಾ’ ಪಿಚ್ಚರು ಪೂರ್ತಿ ನೋಡೀರೋ, ನಡುವ ನಿದ್ದಿ ಹೊಡದೀರೋ?

— ಪೂರ್ತಿ ನೋಡೀನಿ. ಫೋನಿನ್ಯಾಗ, ಕನ್ನಡದಾಗ. ಚಂದ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಒಂದು ಮಾತು ತಿಳೀವಲ್ದು. ಮನಸ್ಸು ಮಾಡಿದ್ರ ಇಡೀ ಬೆಂಗಳೂರು ಅಲ್ಲಾಡಿಸೋ ಹೆಣ್ಣುಮಗಳು, ಹೋಗಿ ಹೋಗಿ ಕಾಫಿ ಅಂಗಡ್ಯಾಗ ರಾತ್ರಿ ಪಾಳಿ ಮಾಡ್ತಾಳ! ಒಳ್ಳೇದು ಮಾಡಾಕ ಮುಚ್ಚುಮರಿ ಯಾಕ? ಮುಖ ಮುಚ್ಚಿಕೊಂಡು ಅಡ್ಡಾಡಾವ ಕಳ್ಳ. ನಮ್ಮ ಕಡಿ ಹಂಗ.

— ಹಂಗಂದ್ರ ಸೂಪರ್‌ಮ್ಯಾನೂ ಕಳ್ಳ, ಸ್ಪೈಡರ್‌ಮ್ಯಾನೂ ಕಳ್ಳ, ನಿಮ್ಮ ಶಕ್ತಿಮಾನೂ ಕಳ್ಳ.

— ಶಕ್ತಿಮಾನ್ ಸುದ್ದಿಗೆ ಬರಬ್ಯಾಡ. 1997ರಾಗ ಅದು ದೂರದರ್ಶನದಾಗ ಶುರುವಾದಾಗ ನನ್ನ ಕ್ಲಾಸಿನ ಹುಡುಗ್ರಿಗೆ ಮೌರ್ಯ ವಂಶಾವಳಿ ಬಾಯಿಪಾಠ ಬರ್ತಿರಲಿಲ್ಲ, ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ ಮಾತ್ರ ಉಸುರು ಬಿಡದಂಗ ಹೇಳ್ತಿದ್ರು. ಆದ್ರೂ ಆವಾಗ್ಲೇ ನನಗ ನಗಿ ಬರ್ತಿತ್ತು. ಒಂದು ಕನ್ನಡಕ, ಮುಂದ ಬಂದ ಹಲ್ಲು. ಅಷ್ಟಕ್ಕ ಅದೇ ಪತ್ರಿಕಿ ಆಫೀಸಿನ್ಯಾಗ ಕೂಡಿ ಕೆಲಸ ಮಾಡೋ ಹುಡುಗಿಗೆ ಗುರುತು ಹತ್ತಂಗಿಲ್ಲ? ನೀನು ಮಸ್ಕಿ ಸಂತ್ಯಾಗ ಕಣ್ಣಷ್ಟೇ ಕಾಣೂವಂಗ ಟವೆಲ್ ಸುತ್ತಿಕೊಂಡು ಹೋಗು. ನಡಿಗಿ ನೋಡಿ ಹೇಳ್ತಾರ, ಇಂಥಾವ್ರ ಮೊಮ್ಮಗಳು, ಇಂಥಾ ಓಣ್ಯಾಗಿನಾಕಿ ಅಂತ.

— ಆ ಕನ್ನಡಕದ ಜಗಳ ಹೊಸಾದಲ್ರಿ. ಸೂಪರ್‌ಮ್ಯಾನ್ 1938ರಾಗ ಹುಟ್ಟಿದ. ಅವತ್ತಿಂದ ಓದಾವ್ರು ಕೇಳಿಕೋತ ಬಂದಾರ, ಕ್ಲಾರ್ಕ್ ಕೆಂಟ್ ಕನ್ನಡಕ ಹಾಕಿಕೊಂಡ ಕೂಡ್ಲೆ ಊರಿಗೆಲ್ಲ ಕುರುಡು ಬಡೀತದೇನು ಅಂತ. ಕೇಳಿ ಕೇಳಿ ಬರೆಯಾವ್ರಿಗೂ ಸಾಕಾಗಿ, 1978ರ ಒಂದು ಸಂಚಿಕಿಯೊಳಗ ಆ ಕನ್ನಡಕಕ್ಕ ಸಮ್ಮೋಹಿನಿ ಶಕ್ತಿ ಐತಿ, ನೋಡಿದವರಿಗೆ ಬ್ಯಾರೇ ಮುಖ ಕಾಣಸ್ತೈತಿ ಅಂತ ಸಮಜಾಯಿಷಿ ಕೊಟ್ರು. 2025ರ ಜುಲೈನಾಗ ಬಂದ ಹೊಸ ‘ಸೂಪರ್‌ಮ್ಯಾನ್’ ಪಿಚ್ಚರಿನ್ಯಾಗೂ ಆ ಹಳೇ ಸಮಜಾಯಿಷಿನೇ ತಂದು ಇಟ್ಟಾರ. ನನ್ನ ಗೆಳತ್ಯಾರು, ಆಹಾ, ಲಾಜಿಕ್ ಕೂಡ್ತು ಅಂತ ಕುಣದ್ರು. ನಂಗ ಅದು ಬ್ಯಾಡಾಗಿತ್ತು.

— ಯಾಕ? ಲಾಜಿಕ್ ಕೂಡಿದ್ರ ನಿನಗೇನು ತ್ರಾಸು?

— ಮಂತ್ರ ಹಾಕದೇ ಇದ್ರೂ ಗುಟ್ಟು ಉಳಿತಿತ್ತು ಅಂತ. ಅಂವ ಪತ್ರಿಕಿ ಆಫೀಸಿನ್ಯಾಗ ಬಗ್ಗಿ ನಡಿಯಾವ, ತೊದಲಾವ, ಕೈಯಾಗಿನ ಕಾಗದ ಚೆಲ್ಲಾವ. ಅಂಥಾವನ ಮುಖ ಯಾರು ನೋಡ್ತಾರ? ನಮ್ಮ ಆಫೀಸಿಗೆ ನೆಲ ಒರಸಾಕ ಬರೋ ಹೆಂಗಸರೊಳಗ ನಮ್ಮ ಕಡಿಯಿಂದ ಗುಳೇ ಬಂದವ್ರೂ ಅದಾರ. ಅವ್ರು ನೀಲಿ ಕೋಟು ತಗದಿಟ್ಟು, ಹಬ್ಬದ ಸೀರಿ ಉಟಗೊಂಡು ಗೇಟಿಗೆ ಬಂದ್ರ, ಮೂರು ವರ್ಷದಿಂದ ಅವ್ರು ಒರಸಿದ ನೆಲದ ಮ್ಯಾಲೇ ನಡದ ಮ್ಯಾನೇಜರಿಗೆ ಗುರುತು ಹತ್ತಂಗಿಲ್ಲ. ಇಲ್ಲಿ ಯಾವ ಸಮ್ಮೋಹಿನಿ ಐತ್ರಿ? ಮುಖ ಮುಚ್ಚೂದು ಕನ್ನಡಕ ಅಲ್ಲ, ಕೆಲಸ. ‘ಲೋಕಾ’ದ ಚಂದ್ರ ಕಾಫಿ ಅಂಗಡಿ ಹಿಡದದ್ದೂ ಅದಕ್ಕs.

— ಹೂಂ... ನೀನು ವಿರಾಟಪರ್ವದ ಮಾತು ಹೇಳಾಕತ್ತೀದಿ.

— ನಾ ವಿರಾಟಪರ್ವ ಓದಿಲ್ರಿ.

— ಓದಬೇಕಾಗಿಲ್ಲ. ಸಣ್ಣಾಕಿದ್ದಾಗ ಬಯಲಾಟ ನೋಡೀಯಲ್ಲ? ಐದು ಮಂದಿ ಅಣ್ಣತಮ್ಮಂದಿರು ಒಂದು ವರ್ಷ ಅಡಗಬೇಕು. ಕಾಡು ಬಿಟ್ಟು ರಾಜಧಾನಿಗೇ ಬರ್ತಾರ. ಭೀಮ ವಲಲ ಅಂತ ಅಡಗಿಮನಿಗೆ, ನಕುಲ ಕುದುರಿ ಲಾಯಕ್ಕ, ಸಹದೇವ ದನದ ಹಟ್ಟಿಗೆ. ಗಾಂಡೀವ ಹಿಡದ ಅರ್ಜುನ ಬೃಹನ್ನಳೆಯಾಗಿ ಹುಡುಗ್ಯಾರಿಗೆ ಕುಣಿಯಾಕ ಕಲಸ್ತಾನ. ಧರ್ಮರಾಯ ಕಂಕಭಟ್ಟ, ರಾಜನ ಜೋಡಿ ಪಗಡಿ ಆಡಾವ. ಆಯುಧ ಎಲ್ಲಾ ಬನ್ನಿಗಿಡಕ್ಕ. ದುರ್ಯೋಧನನ ಗೂಢಚಾರರು ಗುಡ್ಡ ಹುಡುಕಿದ್ರು, ನದಿ ದಂಡಿ ಹುಡುಕಿದ್ರು, ಆಶ್ರಮ ಹುಡುಕಿದ್ರು. ಅಡಗಿಮನಿ ಹುಡುಕಲಿಲ್ಲ. ಕ್ಷತ್ರಿಯ ಅಂಬಾವ ರೊಟ್ಟಿ ಬಡಿಯಾಕ ಕುಂತಿರ್ತಾನ ಅಂತ ಅವರ ತಲಿಗೆ ಹೊಳೀಲೇ ಇಲ್ಲ. ನೀ ಅಂದದ್ದು ಬರೋಬ್ಬರಿ ಐತಿ. ಕೆಳಗಿನ ಕೆಲಸ ಹಿಡದಾವ ಮ್ಯಾಲಿನವರ ಕಣ್ಣಿಗೆ ಬೀಳಂಗಿಲ್ಲ.

— ದ್ರೌಪದಿ?

— ಆಕಿ ಸೈರಂಧ್ರಿ. ರಾಣಿ ಸುದೇಷ್ಣೆಗೆ ತಲಿ ಹಿಕ್ಕಾಕಿ.

— ಆಕಿನ್ನ ನೋಡಿದ್ರಲ್ಲ?

— ...

— ಯಾಕ ಸುಮ್ಮನಾದ್ರಿ ಮಾಮಾ? ಗಂಡಸರು ಐವರು ಆಳಾಗಿ ಮಾಯವಾದ್ರು. ಅದೇ ಮನ್ಯಾಗ ಆಳಾದ ಹೆಣ್ಣುಮಗಳು ಮಾಯ ಆಗಲಿಲ್ಲ. ಕೀಚಕನ ಕಣ್ಣಿಗೆ ಇನ್ನಷ್ಟು ಎದ್ದು ಕಂಡ್ಳು. ರಾಣಿಯಾಗಿದ್ರ ಅಂಜತಿದ್ದ, ದಾಸಿ ಅಂತ ಕೈ ಹಾಕಿದ. ವೇಷ ಹಾಕಿದ್ರ ಗಂಡಿಗೆ ಕಾವಲು, ಹೆಣ್ಣಿಗೆ ಅಪಾಯ. ‘ಲೋಕಾ’ದಾಗೂ ನೋಡ್ರಿ, ಚಂದ್ರ ಬೆಂಗಳೂರಿಗೆ ಬಂದು ಮನಿ ಹಿಡದ ಕೂಡ್ಲೆ ಎದುರು ಮನಿ ಹುಡುಗನ ಕಣ್ಣು ಆಕಿ ಕಿಡಕಿ ಮ್ಯಾಲ. ಅಂವ ಒಳ್ಳೆ ಹುಡುಗ, ಬಿಡ್ರಿ. ಆದ್ರ ಒಂಟಿ ಹೆಣ್ಣುಮಗಳಿಗೆ ಗುಟ್ಟು ಅನ್ನೂದು ಎಷ್ಟು ಕಷ್ಟ ಅಂತ ಆ ಕಿಡಕಿ ಹೇಳ್ತೈತಿ.

— ಆ ಪಿಚ್ಚರಿನ ಮ್ಯಾಲ ಬೆಂಗಳೂರಾಗ ಗದ್ದಲ ಆತಲ್ಲ?

— ಆತು. ಬೆಂಗಳೂರು ಹುಡುಗ್ಯಾರ ಬಗ್ಗೆ ಒಂದು ಪಾತ್ರದ ಬಾಯಾಗ ಹಗುರ ಮಾತು ಇಟ್ಟಿದ್ರು. ಜನ ಸಿಟ್ಟಿಗೆದ್ರು, 2025ರ ಸೆಪ್ಟೆಂಬರ್ ಮೊದಲಿಗೇ ನಿರ್ಮಾಪಕರು ತಪ್ಪಾತು, ಆ ಮಾತು ತಗೀತೀವಿ ಅಂದ್ರು. ಆ ಪಾತ್ರ ಕೆಟ್ಟಾವ, ಕೆಟ್ಟಾವನ ಬಾಯಾಗ ಕೆಟ್ಟ ಮಾತು ಬರೂದs ಅಂತ ವಾದ ಮಾಡಿದವ್ರೂ ಇದ್ರು. ನಂಗೇನು ಅನಸ್ತು ಅಂದ್ರ, ಮಲಯಾಳದಾವ್ರು ತಮ್ಮ ನೀಲಿ ಯಕ್ಷಿನ್ನ, ಅಂದ್ರ ಈ ಚಂದ್ರನ್ನ, ಅಡಗಿಸಾಕ ಊರು ಹುಡುಕಿದಾಗ ಅವರಿಗೆ ನಮ್ಮ ಬೆಂಗಳೂರs ಸಿಕ್ತು. ಯಾರು ಬಂದ್ರೂ, ಎಲ್ಲಿಂದ ಬಂದಿ ಅಂತ ಕೇಳದ ಊರು ಅದು. ಮಸ್ಕಿಗೆ ಬಂದಿದ್ರ ಮೊದಲನೇ ದಿನಾನೇ ಕೇಳ್ತಿದ್ರು, ಯಾವೂರವ್ವಾ, ಯಾರ ಪೈಕಿ?

— ಅದಕ್ಕೂ ಮೊದಲು ಈ ಬಸ್ಸಿನ ಕಂಡಕ್ಟರ್ ಕೇಳ್ತಿದ್ದ. ಈಗ ನೀ ಶಕ್ತಿ ಯೋಜನಿ ಟಿಕೇಟಿಗೆ ಆಧಾರ್ ತೋರಿಸಿದಿ ನೋಡು, ಹಂಗ. ನೂರಾರು ವರ್ಷದ ಯಕ್ಷಿ, ಹುಟ್ಟಿದ ತಾರೀಕು ಏನಂತ ಬರಸ್ತಾಳ? ಮ್ಯಾಲ ವಿಳಾಸ ಕರ್ನಾಟಕದ್ದು ಇರಬೇಕು. ಪಾಪ, ರೊಕ್ಕಾ ಕೊಟ್ಟೇ ಬರಬೇಕು.

— ನಗಬ್ಯಾಡ್ರಿ, ಅದರಾಗೂ ಮಾತೈತಿ. ನಾನು ಯಾರು ಅಂತ ಮುಚ್ಚಿಡೋದು ಉಂಡು ತಿಂದು ಸುಖ ಇದ್ದವ್ರ ಆಟ. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪಿನ ಬಂಗಾಳಿ ಮಂದಿನ್ನ ಕೇಳ್ರಿ. ಪೂರ್ವ ಪಾಕಿಸ್ತಾನ ಇದ್ದಾಗ ಮನಿಮಠ ಬಿಟ್ಟು ಬಂದವ್ರು. ಇಲ್ಲೇ ಭತ್ತ ಬೆಳದ್ರು, ಇಲ್ಲೇ ಮಕ್ಕಳು ಮೊಮ್ಮಕ್ಕಳು ಹುಟ್ಟಿ ನಮ್ಮ ಜೋಡಿ ಕನ್ನಡ ಮಾತಾಡಿದ್ರು. ಆದ್ರೂ ಕೆಲವರ ಕೈಗೆ ಪೌರತ್ವದ ಪತ್ರ ಬಂದದ್ದು 2024ರಾಗ. ಅವರಿಗೆ ಗುಟ್ಟು ಬ್ಯಾಡಾಗಿತ್ತು. ನಾ ಇಂಥಾವ ಅಂತ ಸರಕಾರ ಒಪ್ಪಿದ್ರ ಸಾಕಾಗಿತ್ತು. ‘ಸ್ಪೈಡರ್‌ಮ್ಯಾನ್’ 2021ರ ಪಿಚ್ಚರಿನ್ಯಾಗ ಆ ಹುಡುಗ, ಎಲ್ಲಾರೂ ನನ್ನ ಮರೀಲಿ ಅಂತ ಮಂತ್ರ ಹಾಕಿಸ್ಕೋತಾನಲ್ಲ, ಥೇಟರಿನ್ಯಾಗ ಎಲ್ಲಾರೂ ಕಣ್ಣೀರು ಹಾಕಿದ್ರು. ನಂಗ ಕ್ಯಾಂಪಿನ ಅಜ್ಜಂದಿರು ನೆನಪಾದ್ರು. ಅವರ ಹೆಸರು ಮರ್ಯಾಕ ಯಾವ ಮಂತ್ರಾನೂ ಬೇಕಾಗಿರಲಿಲ್ಲ.

— ಇದು ಎಲ್ಲಿಂದ ಎಲ್ಲಿಗೋ ಹೋತು.

— ಹೋಗಲಿ ಬಿಡ್ರಿ. ನೀವೂ ದಾರಿ ತಪ್ಪಿಸೀರಿ, ನಾನೂ ತಪ್ಪಿಸೀನಿ.

— ನಾ ಹೇಳೂದು ಇನ್ನೊಂದು. ನಮ್ಮ ಕಥಿಯೊಳಗ ಗುಟ್ಟು ಅನ್ನೂದು ಬ್ಯಾರೇ ಥರ ಇರ್ತೈತಿ. 1975ರ ‘ಮಯೂರ’ ನೋಡೀಯಲ್ಲ, ರಾಜಕುಮಾರ್ ಅವರದು? ಅದರಾಗ ತಾನು ಕದಂಬ ಕುಲದಾವ ಅನ್ನೂದು ನಾಯಕಂಗೇ ಗೊತ್ತಿರಂಗಿಲ್ಲ. ಕರ್ಣಂಗೂ ಗೊತ್ತಿರಲಿಲ್ಲ. ಅಮೆರಿಕದಾವ ಊರಿಂದ ಮುಚ್ಚಿಡ್ತಾನ, ನಮ್ಮಾವನಿಂದ ಊರೇ ಮುಚ್ಚಿಟ್ಟಿರ್ತೈತಿ.

— ಗುಟ್ಟು ಒಡದಾಗ ಏನು ಸಿಗ್ತೈತ್ರಿ? ಕುಲ. ಇವ ನಮ್ಮಾವ ಅಲ್ಲ, ದೊಡ್ಡ ಮನಿತನದಾವ ಅಂತ ಗೊತ್ತಾಗೂದು. ಹಂಗಾದ್ರ ಅಲ್ಲೀತನಕ ಅಂವ ತೋರಿಸಿದ ಶೂರತನ ಎಲ್ಲಾ ರಕ್ತದ ಲೆಕ್ಕಕ್ಕ ಜಮಾ ಆತು. ನಂಗ ಅದಕ್ಕಿಂತ ಕಾಗದ ಚೆಲ್ಲೋ ಕ್ಲಾರ್ಕ್ ಕೆಂಟೇ ಪಾಡು ಅನಸ್ತಾನ. ಅವನ್ನ ಬರದ ಸೀಗಲ್, ಶುಸ್ಟರ್ ಇಬ್ರೂ ವಲಸೆ ಬಂದ ಯಹೂದಿ ಮನಿ ಹುಡುಗ್ರು. ಅವ್ರು ಬರದದ್ದು ದೊಡ್ಡ ಮನಿತನದ ಕನಸಲ್ಲ, ನನ್ನ ಒಳಗ ಏನೈತಿ ನಿಮಗೇನು ಗೊತ್ತು ಅನ್ನೋ ಸಿಟ್ಟು.

— ಅವನೂ ಬ್ಯಾರೇ ಗ್ರಹದ ದೊಡ್ಡ ಮನಿತನದಾವs ಅಲ್ಲೇನು? ಅದನ್ನ ಮಾತ್ರ ಜಾಣತನದಿಂದ ಬಿಟ್ಟಿ.

— ಬಿಟ್ಟೆ. ಒಪ್ಪಿದೆ.

— ಈಗ ಕೀಚಕನ ಕಡಿ ಬಾ. ನೀ ಹೇಳಿದ್ದು ನಾ ಒಪ್ಪತೀನಿ, ಆದ್ರ ಕಥಿ ಅಲ್ಲಿಗೇ ನಿಲ್ಲಂಗಿಲ್ಲ. ಭೀಮ ಅವನ್ನ ರಾತ್ರಿ ನಾಟ್ಯಶಾಲಿಯೊಳಗ ಮುದ್ದಿ ಮಾಡಿ ಒಗದ. ಕಂಡವ್ರು ಯಾರೂ ಇಲ್ಲ, ಗಂಧರ್ವರು ಕೊಂದ್ರು ಅಂತ ಸುದ್ದಿ ಹಬ್ಬಿಸಿದ್ರು. ಹಸ್ತಿನಾವತಿಗೆ ಆ ಸುದ್ದಿ ಮುಟ್ಟಿದ ಕೂಡ್ಲೆ ದುರ್ಯೋಧನಂಗ ಪತ್ತೆ ಹತ್ತಿತು. ಕೀಚಕನಂಥಾವನ್ನ ಬರೇ ಕೈಲೇ ಕೊಲ್ಲಾವ್ರು ಭೂಮಿ ಮ್ಯಾಲ ಎಷ್ಟು ಮಂದಿ ಅದಾರ? ಬೆರಳ ಮ್ಯಾಲ ಎಣಸೂವಷ್ಟು. ಅದರಾಗ ಒಬ್ಬ ಭೀಮ. ಮುಖ ಮುಚ್ಚಬಹುದು ಯವ್ವಾ, ಮಾಡಿದ ಕೆಲಸ ಮುಚ್ಚಾಕ ಬರಂಗಿಲ್ಲ. ನಿನ್ನ ಬೆಂಗಳೂರು ಪೊಲೀಸರಿಗೆ ಯಾಕ ಇದು ಹೊಳೀಲಿಲ್ಲ? ಒಬ್ಬಾಕಿ ಊರಿಗೆ ಬಂದ ಮ್ಯಾಲೇ ಇದೆಲ್ಲಾ ಶುರುವಾತು ಅಂತ?

— ದುರ್ಯೋಧನಂಗ ಗೊತ್ತಾದ್ರೂ ಉಪಯೋಗ ಏನಾತು? ಅಷ್ಟರಾಗ ವರ್ಷ ಮುಗದಿತ್ತು ಅಂತ ನೀವೇ ಕ್ಲಾಸಿನ್ಯಾಗ ಹೇಳ್ತಿದ್ರಿ.

— ಅದಕ್ಕೂ ವಾದ ನಡೀತಲ್ಲ! ಮುಗದಿಲ್ಲ, ಮತ್ತ ಹನ್ನೆರಡು ವರ್ಷ ಕಾಡಿಗೆ ಹೋಗ್ರಿ ಅಂತ ದುರ್ಯೋಧನ. ಆವಾಗ ಭೀಷ್ಮಜ್ಜ ಪಂಚಾಂಗ ಬಿಚ್ಚಿ ಕುಂತ. ಐದು ವರ್ಷಕ್ಕ ಎರಡು ಅಧಿಕ ಮಾಸ ಬರ್ತಾವ, ಕೂಡಿಸಿ ನೋಡು, ಹದಿಮೂರು ವರ್ಷ ತುಂಬಿ ಮ್ಯಾಲ ದಿನಾನೂ ಉಳದಾವ ಅಂದ. ಫ್ಯಾನ್ ಜಗಳ ಅಂದ್ರ ಅದು. ನಿಮ್ಮ ಕನ್ನಡಕದ ಜಗಳಕ್ಕ ಅಧಿಕ ಮಾಸದ ಲೆಕ್ಕ ಹಾಕಿ ತೀರ್ಪು ಕೊಡಾವ ಒಬ್ಬ ಭೀಷ್ಮ ಅದಾನೇನು?

— ಇಲ್ರೀ. ಅದಕ್ಕs ಅದು ಮುಗೀವಲ್ದು.

— ಕಿಡಕ್ಯಾಗ ನೋಡು, ಗುಡ್ಡ ಕಾಣಾಕತ್ತು. ಮಸ್ಕಿ ಬಂತು.

— ಅಶೋಕನ ಶಾಸನದ ಪಾಠ ಶುರು ಮಾಡ್ತೀರಿ ಅಂತ ಗೊತ್ತು.

— ಶುರು ಮಾಡಿದ್ದು ನೀನು. ಗುಟ್ಟಿನ ಹೆಸರು ಅಂತ ಸಿಂಧನೂರಿಂದ ಹೇಳಿಕೋತ ಬಂದಿ. ಜಗತ್ತಿನ್ಯಾಗ ಭಾಳ ದೊಡ್ಡ ಗುಟ್ಟಿನ ಹೆಸರು ಒಡದದ್ದು ಈ ಗುಡ್ಡದ ಬಂಡಿ ಮ್ಯಾಲ. ಯಾವ ಪಿಚ್ಚರಿನ್ಯಾಗ ಇಂಥಾ ಕಥಿ ಐತಿ ಹೇಳು. ಎರಡು ಸಾವಿರ ವರ್ಷಕ್ಕಿಂತ ಹಿಂದ ಒಬ್ಬ ರಾಜ ಕಂದಹಾರದಿಂದ ನಮ್ಮ ಕೊಪ್ಪಳ, ಚಿತ್ರದುರ್ಗದ ತನಕ ಬಂಡಿ ಬಂಡಿ ಮ್ಯಾಲ ತನ್ನ ಮಾತು ಕೆತ್ತಿಸಿದ. ಹೆಸರು? ‘ದೇವಾನಂಪಿಯ ಪಿಯದಸಿ.’ ದೇವರಿಗೆ ಬೇಕಾದಾವ, ನೋಡಿದ್ರ ಪ್ರೀತಿ ಹುಟ್ಟಿಸಾವ. ಬಿರುದು, ಬರೇ ಬಿರುದು. ಬರಬರತ ಆ ಬ್ರಾಹ್ಮಿ ಲಿಪಿ ಓದಾವ್ರೇ ಇಲ್ಲದಂಗಾದ್ರು. 1837ರಾಗ ಜೇಮ್ಸ್ ಪ್ರಿನ್ಸೆಪ್ ಆ ಲಿಪಿ ಬಿಡಿಸಿ ಓದಿದಾಗ ಮೊದಲು ಬಂದ ಪ್ರಶ್ನೆ: ಇಂವ ಯಾರು?

— ಮುಸುಕು ತಗೀರಿ ಅಂತ.

— ಅಂವ ಸಿಂಹಳದ ರಾಜ ಇರಬೇಕು ಅಂತ ಪ್ರಿನ್ಸೆಪ್ ಅಂದ್ಕೊಂಡ. ಯಾಕಂದ್ರ ಅಲ್ಲೊಬ್ಬ ದೇವಾನಂಪಿಯ ತಿಸ್ಸ ಇದ್ದ. ಅದೇ ವರ್ಷ ಸಿಂಹಳದಾಗಿದ್ದ ಜಾರ್ಜ್ ಟರ್ನರ್ ‘ದೀಪವಂಸ’ದ ಹಸ್ತಪ್ರತಿ ನೋಡಿ, ಪಿಯದಸಿ ಅಂದ್ರ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಶೋಕ ಅಂತ ತೋರಿಸಿದ. ಭಾಳ ಮಂದಿ ಒಪ್ಪಿದ್ರು. ಆದ್ರ ಅದು ಪುಸ್ತಕದ ಸಾಕ್ಷಿ. ರಾಜನ ಸ್ವಂತ ಕಲ್ಲು ಅಷ್ಟೂ ವರ್ಷ ಬಾಯಿ ಬಿಡಲಿಲ್ಲ. 1915ರಾಗ, ಇದು ನಿಜಾಮನ ಸೀಮಿ ಇದ್ದಾಗ, ಬೀಡನ್ ಅಂತ ಒಬ್ಬ ಗಣಿ ಎಂಜಿನಿಯರ್ ಚಿನ್ನದ ಅದುರು ಹುಡಿಕ್ಕೋತ ಈ ಗುಡ್ಡಕ್ಕ ಬಂದ. ಗವಿಯಂಥಾ ಜಾಗದಾಗ ಅಕ್ಷರ ಕಂಡ. ಎಚ್. ಕೃಷ್ಣಶಾಸ್ತ್ರಿ ಓದಿದ್ರು. ‘ದೇವಾನಂಪಿಯಸ ಅಸೋಕಸ.’ ಅಷ್ಟೇ. ಪ್ರಿನ್ಸೆಪ್ ಓದಿದ 78 ವರ್ಷಕ್ಕ, ಬಿರುದಿನ ಬಾಜೂಕ ಹೆಸರು ಬಂದು ಕುಂತಿತು.

— ಮಾಮಾ, ನಿಮ್ಮ ಕಥಿ ಚಂದ. ಆದ್ರ ವಾದ ಸೋಲ್ತೈತಿ. ಅಶೋಕ ಎಲ್ಲಿ ಮುಚ್ಚಿಟ್ಟಿದ್ದ? ಅವನ ಕಾಲದಾವ್ರಿಗೆ ದೇವಾನಂಪಿಯ ಅಂದ್ರ ಯಾರು ಅಂತ ಚಲೋ ಗೊತ್ತಿತ್ತು. ಗುಟ್ಟು ಮಾಡಿದ್ದು ಅಂವ ಅಲ್ಲ, ಓದೂದು ಮರತ ನಾವು.

— ಅದನ್ನs ನಾ ಹೇಳಬೇಕಂತ ಕುಂತಿದ್ದೆ, ನೀ ಕಸಗೊಂಡಿ. ಆಫೀಸಿನ ಹೆಂಗಸರ ಬಗ್ಗೆ ನೀ ಹೇಳಿದ್ದೂ ಅದs ಅಲ್ಲೇನು? ಮುಸುಕು ಹಾಕಿಕೊಂಡಾವನ ಮುಖದ ಮ್ಯಾಲಿಲ್ಲ, ನೋಡಾವನ ಕಣ್ಣಿನ ಮ್ಯಾಲೈತಿ. ರಾಜ ಆದ್ರೂ ಅಷ್ಟೇ, ನೆಲ ಒರಸಾಕಿ ಆದ್ರೂ ಅಷ್ಟೇ.

— ಎರಡೂ ಒಂದs ಅಲ್ರಿ. ರಾಜಂಗ ಅಷ್ಟು ಬಂಡಿ ಸಿಕ್ಕಿದ್ವು. ಆಕಿಗೆ ಒಂದೂ ಇಲ್ಲ. ಇರಲಿ. ನೀವು ಹೇಳಿದ್ದರಾಗ ನನಗ ಹತ್ತಿದ್ದು ಆ ಸಿಂಹಳದ ತಿಸ್ಸ. ಬಿರುದು ಒಬ್ಬಂದ ಆಗಿರಲಿಲ್ಲ ಅಂತಾತು.

— ಅಲ್ಲs ಅಲ್ಲ. ಅಶೋಕನ ಮೊಮ್ಮಗ ದಶರಥ ಬಿಹಾರದ ನಾಗಾರ್ಜುನಿ ಗವಿಯೊಳಗ ತನ್ನ ಹೆಸರಿನ ಜೋಡಿ ದೇವಾನಂಪಿಯ ಅಂತ ಹಾಕಿಸ್ಯಾನ.

— ಹಂಗಾದ್ರ ಇದು ಬ್ಯಾಟ್‌ಮ್ಯಾನ್ ಕಥಿ ಅಲ್ಲ, ಫ್ಯಾಂಟಮ್ ಕಥಿ! ಅಪ್ಪಾಜಿ ಇಂದ್ರಜಾಲ ಕಾಮಿಕ್ಸ್ ಗಂಟು ಅಟ್ಟದ ಮ್ಯಾಲ ಇಟ್ಟಾರ, ಅದರಾಗ ಓದೀನಿ. ಫ್ಯಾಂಟಮ್ ಒಬ್ಬ ಅಲ್ಲ. ಅಪ್ಪ ಸತ್ರ ಮಗ ಅದೇ ಮುಸುಕು ತೊಡ್ತಾನ, ಈಗಿನಾವ ಇಪ್ಪತ್ತೊಂದನೇದಾವ. ಕಾಡಿನ ಮಂದಿ ಅವನಿಗೆ ಸಾವಿಲ್ಲ ಅಂತಾರ. ಒಳಗ ಯಾರಿದ್ರೂ ನಡೀತೈತಿ, ಮುಸುಕು ಉಳದ್ರ ಸಾಕು. ಸಿಂಹಾಸನದ ಬಿರುದಿಗೂ ಅಷ್ಟೇ ಬೇಕಾಗೂದು. ಹೆಸರು ಯಾಕ?

— ಹೂಂ. ಬಿರುದನ್ನ ಹಂಗ ನಾ ಎಂದೂ ನೋಡಿರಲಿಲ್ಲ. ಆದ್ರ ಆ ಬಂಡಿ ಮ್ಯಾಲ ಹೆಸರಿಗಿಂತ ದೊಡ್ಡ ಮಾತು ಬ್ಯಾರೇ ಐತಿ. ಹೆಸರಿನ ಗದ್ದಲದಾಗ ನಮ್ಮ ಪಠ್ಯಪುಸ್ತಕಗಳು ಅದನ್ನ ನುಂಗಿಬಿಟ್ಟಾವ. ಎರಡೂವರಿ ವರ್ಷದ ಮ್ಯಾಲಾತು, ನಾ ಬುದ್ಧನ ದಾರಿ ಹಿಡದು ಅಂತ ಶುರುವಾಗ್ತೈತಿ. ಆಮ್ಯಾಲ ಹೇಳ್ತಾನ, ಮೊದಲು ಜಂಬೂದ್ವೀಪದಾಗ ಮನುಷ್ಯರ ಕೂಡ ಬೆರೀದಿದ್ದ ದೇವರುಗಳು ಈಗ ಬೆರತಾರ.

— ಆಹಾ! ಇದು ‘ಲೋಕಾ’ ಪೋಸ್ಟರ್ ಮ್ಯಾಲ ಹಾಕೂವಂಥ ಮಾತು. ಯಕ್ಷಿ, ಚಾತ್ತನ್ ಎಲ್ಲಾ ಮನುಷ್ಯರೊಳಗ ಬೆರತು ಬಾಡಿಗಿ ಮನ್ಯಾಗ ಅದಾರ.

— ಮುಂದ ಕೇಳು. ಇದು ದೊಡ್ಡವರಿಗೆ ಅಷ್ಟೇ ದಕ್ಕೂದು ಅಂತ ತಿಳೀಬ್ಯಾಡ್ರಿ, ಧರ್ಮದಾಗ ನಡದ್ರ ಸಣ್ಣಾವನಿಗೂ ದಕ್ಕತೈತಿ ಅಂತಾನ. ಸಣ್ಣವರಿಗೂ ದೊಡ್ಡವರಿಗೂ ಇದನ್ನ ಹೇಳ್ರಿ ಅಂತ ಅಪ್ಪಣೆ. ಈಗ ನಿನ್ನ ಪಿಚ್ಚರಿಗೆ ಬಾ. ಯಾವ ಸೂಪರ್‌ಹೀರೋ ಪಿಚ್ಚರು ಈ ಮಾತು ಒಪ್ಪತೈತಿ? ಒಬ್ಬಂಗ ಜೇಡ ಕಡೀತೈತಿ, ಒಬ್ಬ ಬ್ಯಾರೇ ಗ್ರಹದಿಂದ ಬೀಳ್ತಾನ. ನಮ್ಮ ಕಡಿ ಮಂದಿ ಎಲ್ಲಾ ಮುಗಿಬಿದ್ದು ನೋಡಿದ ತೆಲುಗಿನ ‘ಹನುಮಾನ್’ ತಗೋ, 2024ರ ಸಂಕ್ರಾಂತಿಗೆ ಬಂದದ್ದು. ಹಳ್ಳಿ ಹುಡುಗ, ಊರ ಹೆಸರು ಅಂಜನಾದ್ರಿ. ನಮ್ಮ ಗಂಗಾವತಿ ಹತ್ರದ ಅಂಜನಾದ್ರಿ ಹೆಸರs. ಎಲ್ಲಾ ಪಾಡ ಐತಿ. ಆದ್ರ ಶಕ್ತಿ ಎಲ್ಲಿಂದ? ಕೈಗೆ ಸಿಕ್ಕ ಒಂದು ಮಣಿಯಿಂದ. ಮಣಿ ಸಿಗದ ಉಳದ ಹಳ್ಳಿ ಮಂದಿ ಏನು ಮಾಡಬೇಕು? ಚಪ್ಪಾಳಿ ಹೊಡೀಬೇಕು.

— ಅದೇ ಪಿಚ್ಚರಿನ ಖಳ ಮೈಕಲ್‌ನ ಮರತ್ರಿ. ಸೂಪರ್‌ಹೀರೋ ಆಗಬೇಕಂದ್ರ ತಂದಿತಾಯಿ ಇರಬಾರದು ಅಂತ ಸಣ್ಣವನಿದ್ದಾಗs ಅವರನ್ನ ಕೊಂದಾವ. ಮುಸುಕಿನ ಹುಚ್ಚು ಎಲ್ಲಿಗೆ ಮುಟ್ಟತೈತಿ ಅಂತ ಆ ಡೈರೆಕ್ಟರಿಗೆ ಗೊತ್ತಿತ್ತು. ಮಣಿ ವಿಷಯದಾಗ ಮಾತ್ರ ನೀವು ಗೆದ್ರಿ. ಆದ್ರ ಇದೂ ಕೇಳ್ರಿ. ಸಣ್ಣಾವನಿಗೂ ದಕ್ಕತೈತಿ ಅಂತ ಹೇಳಾಕ ಅಶೋಕ ಚಕ್ರವರ್ತಿನೇ ಆಗಬೇಕಾತು. ಸಣ್ಣಾವ ತಾನೇ ಬಂಡಿ ಮ್ಯಾಲ ಬರದಿದ್ರ ಕೈ ಕಡೀತಿದ್ರೋ ಏನೋ.

— ಸಣ್ಣಾವ ಬರದದ್ದೂ ಐತಿ. ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕ ಹೋಗಿ ವಚನ ಬರದ ಗಂಡಹೆಂಡತಿ, ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಅಂಗಳದಾಗ ಚೆಲ್ಲಿದ ಅಕ್ಕಿ ಆರಿಸಿ ಉಂಡವ್ರು. ಗಂಡ ಒಂದಿನ ಹೆಚ್ಚಿಗಿ ತಂದ್ರ, ಇಷ್ಟು ನಮಗ್ಯಾಕ, ಹೋಗಿ ಅಲ್ಲೇ ಸುರುವಿ ಬಾ ಅಂದಾಕಿ ಲಕ್ಕಮ್ಮ. ಆಕಿ ಕೆಲಸವೇ ಆಕಿ ಹೆಸರು. ಮುಚ್ಚೂ ಮಾತೇ ಇಲ್ಲ. ಚೆಲ್ಲಿದ ಅಕ್ಕಿ ಆರಿಸ್ತೀನಿ ಅನ್ನೂದನ್ನ ಹೆಸರಿಗೇ ಕಟಗೊಂಡ್ಳು.

— ಈಕಿ ಭಾಳ ಸೇರಿದ್ಳು. ಕೆಲಸದಿಂದ ಮಾಯ ಆಗೂದು ಅಂತ ನಾ ಅಂದೆ. ಈಕಿ ಅದೇ ಕೆಲಸದಿಂದ ಎದ್ದು ಕಂಡ್ಳು. ನನ್ನ ವಾದಕ್ಕ ಇದು ಅಡ್ಡ ಬರ್ತೈತಿ, ವಿಚಾರ ಮಾಡಬೇಕು.

— ಮಾಡು. ಲಿಂಗಸುಗೂರು ಇನ್ನೂ ದೂರ ಐತಿ.

— ತಡೀರಿ, ಅಶೋಕನ ಕಡಿ ಇನ್ನೊಂದು ಕೇಳೂದೈತಿ. ಬ್ಯಾರೇ ಎಲ್ಲಾ ಕಡಿ ಬರೇ ಬಿರುದು. ಇಲ್ಲಿ ಮಾತ್ರ ಹೆಸರು. ಅಂದ್ರ ಯಾರೋ ಇಲ್ಲಿ ಬೇಕಂತಲೇ ಸೇರಿಸ್ಯಾರ. ಯಾರು?

— ಇಲ್ಲಿ ಮಾತ್ರ ಅಲ್ಲ. ಆಮ್ಯಾಲ ಮತ್ತ ಮೂರು ಕಡಿ ಸಿಕ್ತು. ಮಧ್ಯಪ್ರದೇಶದ ಗುಜರ್ರಾ ಒಂದು. ಉಳದೆರಡು ಹೊಳಿ ಆಚೀಗೆ, ಬಳ್ಳಾರಿ ಜಿಲ್ಲಾದ ನಿಟ್ಟೂರು, ಉಡೇಗೊಳ. ಸಿಂಧನೂರಿಂದ ತುಂಗಭದ್ರಾ ದಾಟಿ ಸಿರುಗುಪ್ಪಕ್ಕ ಹೋದ್ರ ಆತು, ಅಲ್ಲಿಂದ ದೂರಿಲ್ಲ.

— ನಾಕರಾಗ ಮೂರು ನಮ್ಮ ಕಡೀನೇ! ಹಂಗಾದ್ರ ಗುಟ್ಟು ಬಿಟ್ಟಾವ ಇಲ್ಲೇ ಎಲ್ಲೋ ಕುಂತಿದ್ದ.

— ಕುಂತಿರಬಹುದು. ದಕ್ಷಿಣದ ಕಾರಭಾರ ಸುವರ್ಣಗಿರಿಯಿಂದ ನಡೀತಿತ್ತು ಅಂತ ಚಿತ್ರದುರ್ಗ ಜಿಲ್ಲಾದ ಬ್ರಹ್ಮಗಿರಿ ಶಾಸನದಾಗೈತಿ. ಆರ್ಯಪುತ್ರ, ಅಂದ್ರ ರಾಜನ ಮಗ, ಅಲ್ಲಿ ಅಧಿಕಾರಿಗಳ ಜೋಡಿ ಇದ್ದ. ಆ ಸುವರ್ಣಗಿರಿ ಯಾವುದು? ಕನಕಗಿರಿ ಅಂತಾರ, ಆಂಧ್ರದ ಜೊನ್ನಗಿರಿ ಅಂತಾರ, ಮಸ್ಕಿನೇ ಅಂತಾರ. ಬಾಜೂಕ ಹಟ್ಟಿ ಚಿನ್ನದ ಗಣಿ ಐತಿ, ಹಳೇ ಕಾಲದ ಸುರಂಗ ಅದಾವ. ತೀರ್ಮಾನ ಆಗಿಲ್ಲ.

— ಊರಿಗೂ ಗುಟ್ಟಿನ ಹೆಸರು, ರಾಜಕುಮಾರಂಗೂ ಬರೇ ಆರ್ಯಪುತ್ರ. ಎಲ್ಲಾರೂ ಮುಸುಕು ಹಾಕ್ಕೊಂಡ ಈ ಪಿಚ್ಚರಿನ್ಯಾಗ ಒಬ್ಬರದಾದ್ರೂ ಖರೇ ಹೆಸರು ಐತೇನ್ರಿ?

— ಐತಿ! ಬ್ರಹ್ಮಗಿರಿ ಶಾಸನದ ಕೊನಿಗೆ ಬರದಾವ ತನ್ನ ಹೆಸರು ಹಾಕ್ಯಾನ. ಚಪಡ. ಲಿಪಿಕಾರ ಅನ್ನೂದನ್ನ ಮಾತ್ರ ಬ್ರಾಹ್ಮಿ ಬಿಟ್ಟು ಬಲದಿಂದ ಎಡಕ್ಕ ಬರಿಯೋ ಖರೋಷ್ಠಿ ಲಿಪಿಯೊಳಗ ಕೆತ್ಯಾನ. ಅದು ವಾಯವ್ಯದ ಗಾಂಧಾರದ ಕಡಿ ಲಿಪಿ. ಈ ನಾಡಿನ್ಯಾಗ ಅದನ್ನ ಯಾರು ಓದಬೇಕು? ನಾ ಎಲ್ಲಿಂದ ಬಂದಾವ ಅಂತ ತಿಳಿಯಾವ್ರಿಗೆ ತಿಳೀಲಿ ಅಂತ ಇಟ್ಟ ಗುರುತು ಇರಬೇಕು.

— ನೋಡ್ರಿ ಆಟ! ಅಲ್ಲಿ ರಾಜನ ಹೆಸರಿಲ್ಲ, ಗುಮಾಸ್ತನ ಹೆಸರೈತಿ. ಇಲ್ಲಿ ಮಸ್ಕ್ಯಾಗ ರಾಜನ ಹೆಸರೈತಿ, ಗುಮಾಸ್ತನ ಹೆಸರಿಲ್ಲ. ನಂಗ ಪಿಚ್ಚರ್ ಮಾಡಾಕ ಬಂದಿದ್ರ ಮಸ್ಕಿ ಗುಮಾಸ್ತನ ಮ್ಯಾಲ ಮಾಡ್ತಿದ್ದೆ. ಪಾಟಲಿಪುತ್ರದಿಂದ ಓಲಿ ಬರ್ತೈತಿ, ಬಿರುದಷ್ಟೇ ಐತಿ. ಅಂವ ಓದ್ತಾನ. ನಮ್ಮ ಕಡಿ ಮಂದಿಗೆ ದೇವಾನಂಪಿಯ ಅಂದ್ರ ಯಾರಂತ ಹೆಂಗ ತಿಳೀಬೇಕು, ಹೆಸರು ಇರಲಿ ಅಂತ ಒಂದು ಶಬ್ದ ತಾನೇ ಸೇರಸ್ತಾನ. ಮೇಲಿನವ್ರು ಕೇಳೂದಿಲ್ಲ, ಯಾಕಂದ್ರ ಕಲ್ಲು ಕುಟ್ಟಾವನ ಕೆಲಸ ಯಾರು ತಿರುಗಿ ನೋಡ್ತಾರ? ಜಗತ್ತಿನ ಮುಂದ ಚಕ್ರವರ್ತಿ ಮುಸುಕು ತಗದಾವ ಅಂವ. ಇವಂದು ಮಾತ್ರ ಯಾರೂ ತಗೀಲಿಲ್ಲ.

— ಓಲ್ಯಾಗs ಹೆಸರು ಬಂದಿರಬಹುದು. ಅಂವ ಸೇರಿಸಿದ್ದಕ್ಕ ಸಾಕ್ಷಿ ಇಲ್ಲ ಯವ್ವಾ. ಇತಿಹಾಸ ಮಾಸ್ತರ ಆಗಿ ನಾ ಇದಕ್ಕ ಮಾರ್ಕ್ಸ್ ಕೊಡಂಗಿಲ್ಲ.

— ಮಾರ್ಕ್ಸ್ ಬ್ಯಾಡ್ರಿ, ಟಿಕೇಟ್ ತಗೋರಿ ಸಾಕು. ಮೊದಲನೇ ದಿನದ ಮೊದಲನೇ ಆಟ.

— ತಗೋತೀನಿ. ಮುಸುಕು ಇರಬಾರದು, ಮಣಿ ಇರಬಾರದು. ಉಳಿ ಹಿಡದು ಕುಂತ ಒಬ್ಬ ಸಾದಾ ಮನುಷ್ಯ ಇರಬೇಕು ಅಂವ.

— ಅಂವ ಅಂತ ಹೆಂಗ ಹೇಳ್ತೀರಿ? ಆಕಿ ಯಾಕಾಗಿರಬಾರದು?

— ಮೌರ್ಯರ ಕಾಲದಾಗ ಹೆಣ್ಣುಮಗಳು ಶಾಸನ ಕೆತ್ತಿದ್ದಕ್ಕ ಎಲ್ಲೈತಿ ಸಾಕ್ಷಿ?

— ಮಸ್ಕಿ ಬಂಡಿ ಗಂಡಸs ಕೆತ್ಯಾನ ಅನ್ನೂದಕ್ಕ ನಿಮ್ಮ ಹತ್ರ ಎಲ್ಲೈತ್ರಿ?